ಐವತ್ತಕ್ಕೆ ಒಂದಿಂಚು ಕಮ್ಮಿ

ಆರ್ವಿಡ್ ಸ್ಟೋಕೆಗೆ ಅಭಿಪ್ರಾಯವಿಲ್ಲದ ವಿಷಯ ಅಲಾಸ್ಕಾದಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲಾದರೂ ಹುಟ್ಟಿತೆನ್ನಿ, ಅದು ನಮ್ಮೂರು ಟಾಮರಾಕ್ ಬೆಂಡಿನ ಅಂಚೆ ಕಚೇರಿ ದಾಟುವ ಮೊದಲೇ ಅವನ ಬಾಯಿಗೆ ಸಿಕ್ಕಿ ನುಚ್ಚುನೂರಾಗುತ್ತದೆ. ತೋಳಗಳನ್ನು ವಿಮಾನದಿಂದ ಹೊಡೆಯಬೇಕು ಅನ್ನುವವರು ಸಿಕ್ಕರೆ, "ನಡೆಯೋಕೆ ಕಾಲು ಬರಲ್ಲ ಅನ್ನಿ, ಅದಕ್ಕೆ ರೆಕ್ಕೆ ಬೇಕು ನಿಮಗೆ" ಅನ್ನುತ್ತಾನೆ. ತೋಳದ ಕೂದಲೂ ಕೊಂಕಬಾರದು ಅನ್ನುವ ಆಂಕರೇಜ್ ಪಟ್ಟಣದವರು ಸಿಕ್ಕರೆ, "ನಿಮ್ಮ ಮುದ್ದಿನ ನಾಯೀನ ತಂದು ಒಂದಿನ ನಮ್ಮ ಹಿತ್ತಲಲ್ಲಿ ಕಟ್ಟಿ, ಆಮೇಲೆ ಮಾತಾಡೋಣ" ಅನ್ನುತ್ತಾನೆ. ಎರಡೂ ಕಡೆಯವರು ಮುನಿಸಿಕೊಂಡು ಹೋದ ದಿನ ಅವನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ.

ಇಷ್ಟೇ ಆಗಿದ್ದರೆ ಊರು ಅವನನ್ನು ಎಂದೋ ನದಿಗೆ ತಳ್ಳಿಬಿಡುತ್ತಿತ್ತು. ಅವನನ್ನು ಉಳಿಸಿದ್ದು ಒಂದೇ ಗುಣ. ತಾನು ಹೇಳಿದ್ದು ತನ್ನ ತಲೆಯ ಮೇಲೇ ಬಿದ್ದಾಗ, ಆ ಸುದ್ದಿಯನ್ನು ಊರಿಗೆ ಹಂಚುವವನೂ ಅವನೇ. ವಸಂತದಲ್ಲಿ ಕರಡಿಗಳು ಎದ್ದು ಬರುವ ಹೊತ್ತಿಗೆ ಯಾರ ಮನೆ ಮುಂದೆಯೂ ಹಕ್ಕಿ ಕಾಳಿನ ಬಟ್ಟಲು ತೂಗಬಾರದು ಎಂದು ವರ್ಷವಿಡೀ ಗಂಟಲು ಹರಿದುಕೊಂಡು ನಿಯಮ ಮಾಡಿಸಿದ. ಆ ವಸಂತದ ಮೊದಲ ಕರಡಿ ಆರ್ವಿಡ್‌ನ ಮನೆ ಹಿಂದೆ, ಅವನು ಇಳಿಸಲು ಮರೆತ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ಕಸದ ತೊಟ್ಟಿಗೆ ಕರಡಿ ತೆಗೆಯಲಾಗದ ಮುಚ್ಚಳ ಹಾಕಿಸಿದವನೂ ಅವನೇ. ಕರಡಿಗಳು ಆ ಮುಚ್ಚಳ ತೆಗೆಯುವುದನ್ನು ಬೇಗ ಕಲಿತವು. "ನಾನಿನ್ನೂ ಕಲೀತಾ ಇದೀನಿ, ಕೈಗವಸು ಹಾಕ್ಕೊಂಡ್ರೆ ಆಗೋದೇ ಇಲ್ಲ" ಎಂದು ಅಂಚೆ ಕಚೇರಿಯಲ್ಲಿ ನಿಂತು ಅವನೇ ಹೇಳಿದ.

ಆದರೆ ಒಂದು ವಿಷಯದಲ್ಲಿ ಮಾತ್ರ ಆರ್ವಿಡ್ ತನ್ನನ್ನು ತಾನು ಹಾಸ್ಯ ಮಾಡಿಕೊಂಡವನಲ್ಲ. ಅದು ಮೂಸ್ ಕೊಂಬಿನ ಅಗಲ.

ಮೂಸ್ ಅಂದರೆ ಕುದುರೆಗಿಂತ ಎತ್ತರದ, ಹಲಗೆಯಂಥ ಕೊಂಬಿನ ದೈತ್ಯ ಜಿಂಕೆ. ನಮ್ಮ ಕಡೆ ಬೆಳೆದ ಗಂಡು ಮೂಸನ್ನು ಹೊಡೆಯಬೇಕಾದರೆ ಅದರ ಕೊಂಬು ಈ ತುದಿಯಿಂದ ಆ ತುದಿಗೆ ಐವತ್ತಿಂಚು ಇರಬೇಕು. ಕೂದಲೆಳೆಯಷ್ಟು ಕಮ್ಮಿಯಾದರೂ ಅಪರಾಧ. ಪ್ರಾಣಿಯೇನು ಬಂದು ನಿಂತು ಅಳತೆ ಕೊಡುತ್ತದೆಯೇ? ಪೊದೆಯ ಸಂದಿಯಲ್ಲಿ, ದೂರದಿಂದ, ಎದೆ ಡವಗುಟ್ಟುವಾಗ ಬೇಟೆಗಾರನೇ ಅಂದಾಜು ಮಾಡಬೇಕು. ಆ ಅಂದಾಜಿನ ವಿದ್ಯೆಯನ್ನು ಊರಿಗೆ ಕಲಿಸಿದವನು ಆರ್ವಿಡ್. ಬೇಸಿಗೆ ಮುಗಿಯುತ್ತಿದ್ದಂತೆ ಶಾಲೆಯ ಆಟದ ಕೊಠಡಿಯಲ್ಲಿ ತರಗತಿ ನಡೆಸುತ್ತಿದ್ದ. "ಕಿವಿ ನೋಡಿ, ಕಿವಿ! ಅಗಲಕ್ಕೆ ನಿಗುರಿಸಿ ನಿಂತಾಗ ಆ ಕಿವಿ ತುದಿಯಿಂದ ಈ ಕಿವಿ ತುದಿಗೆ ಮೂವತ್ತಿಂಚು. ಅದರಾಚೆ ಕೊಂಬು ಈ ಕಡೆ ಹತ್ತು, ಆ ಕಡೆ ಹತ್ತು ಚಾಚಿದ್ರೆ ಐವತ್ತು ಆಯ್ತು. ಆದ್ರೆ ಸಿಟ್ಟು ಬಂದ ಗಂಡು ಕಿವೀನ ಹಿಂದಕ್ಕೆ ಮಡಚ್ಕೊಳ್ಳುತ್ತೆ. ಆಗ ಸಣ್ಣ ಕೊಂಬೂ ರಾಜನ ಕೊಂಬಿನ ಥರಾ ಕಾಣುತ್ತೆ. ಆ ಹೊತ್ತಲ್ಲಿ ಗುಂಡು ಹಾರಿಸೋನಂಥ ಪೆದ್ದ ಇನ್ನೊಬ್ಬನಿಲ್ಲ." ಪೆದ್ದ ಅನ್ನುವಾಗ ಅವನು ಎರಡೂ ಕೈಯಿಂದ ತನ್ನ ಕಿವಿಗಳನ್ನು ತಲೆಗೆ ಒತ್ತಿಕೊಂಡು ಕಣ್ಣು ಮೇಲುಗಣ್ಣು ಮಾಡುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಊರಿನವರು ಅವನಿಗೆ ಐವತ್ತಿಂಚು ಎಂದೇ ಹೆಸರಿಟ್ಟಿದ್ದರು. ಅವನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ.

ಆ ಬಿರುದಿಗೆ ಅವನು ತೆತ್ತ ಬೆಲೆ ಓಟಿಸ್.

ಓಟಿಸ್ ನದಿಯಾಚೆಯ ಮನೆಯವನು, ಮಾತು ಕಮ್ಮಿ, ಆರ್ವಿಡ್‌ನ ಏಕೈಕ ಗೆಳೆಯ. ಇಬ್ಬರೂ ಪ್ರತಿ ಶನಿವಾರ ಆರ್ವಿಡ್‌ನ ಅಡುಗೆಮನೆಯಲ್ಲಿ ಕೂತು ಕ್ರಿಬೇಜ್ ಇಸ್ಪೀಟು ಆಡುತ್ತಿದ್ದರು. ಗೆದ್ದ ಅಂಕಕ್ಕೆ ತೂತುಗಳಿರುವ ಹಲಗೆಯಲ್ಲಿ ಕಡ್ಡಿ ಸಿಕ್ಕಿಸುತ್ತಾ ಹೋಗುವ ಆಟ ಅದು. ಆರ್ವಿಡ್ ಮಾತಾಡುತ್ತಿದ್ದ, ಓಟಿಸ್ ಗೆಲ್ಲುತ್ತಿದ್ದ. ಎರಡು ವರ್ಷದ ಹಿಂದೆ ಓಟಿಸ್ ಹೊಡೆದ ಮೂಸಿನ ಕೊಂಬು ನಲವತ್ತೆಂಟು ಬಂತು. ಅವನು ತಾನಾಗಿಯೇ ಕಾಡುಪ್ರಾಣಿ ಇಲಾಖೆಗೆ ಫೋನ್ ಮಾಡಿ ಒಪ್ಪಿಕೊಂಡ, ಮಾಂಸ ಕೊಟ್ಟ, ದಂಡ ಕಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ತಿಂಗಳ ಬೇಟೆ ಸಲಹಾ ಸಮಿತಿಯ ಸಭೆಯಲ್ಲಿ ಆರ್ವಿಡ್ ಎದ್ದು ನಿಂತ. "ಇಂಥವರ ಕೈಗೆ ಬಂದೂಕು ಕೊಡೋ ಮುಂಚೆ ಕನ್ನಡಕ ಕೊಡಬೇಕು" ಅಂದ. ಸಭೆ ಗೊಳ್ಳೆಂದಿತು. ನಗು ಬಂದರೆ ಆರ್ವಿಡ್‌ಗೆ ನಿಲ್ಲಿಸಲು ಬರುವುದಿಲ್ಲ. ಕಿವಿ ಒತ್ತಿಕೊಂಡು ಪೆದ್ದನ ಆಟವನ್ನೂ ಆಡಿ ತೋರಿಸಿದ.

ಮರು ಶನಿವಾರ ಓಟಿಸ್ ಬರಲಿಲ್ಲ. ಅದರಾಚೆ ಶನಿವಾರವೂ ಬರಲಿಲ್ಲ. "ತಮಾಷೆಗಂದಿದ್ದು, ಅಷ್ಟೂ ಗೊತ್ತಾಗಲ್ವಾ ಅವನಿಗೆ?" ಎಂದು ಆರ್ವಿಡ್ ಹೆಂಡತಿ ವರ್ನಾಳ ಮುಂದೆ ಗೊಣಗಿದ. "ಹೋಗಿ ಅವನಿಗೇ ಕೇಳು" ಅಂದಳು ಅವಳು. ಅವನು ಹೋಗಲಿಲ್ಲ. ಎರಡು ಚಳಿಗಾಲ ತನ್ನ ಎಡಗೈಗೂ ಬಲಗೈಗೂ ಇಸ್ಪೀಟು ಹಂಚಿಕೊಂಡು ಒಬ್ಬನೇ ಆಡಿದ. ಅದರಲ್ಲೂ ಮೋಸ ಮಾಡಿದ, ಅದರಲ್ಲೂ ಸೋತ.

ಈ ಸೆಪ್ಟೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದೋಣಿ ಹತ್ತಿ ನದಿಯ ಮೇಲ್ಗಡೆಗೆ ಬೇಟೆಗೆ ಹೊರಟರು. ಹೊರಟಾಗಿನಿಂದ ವರ್ನಾಳದು ಒಂದೇ ರಾಗ. ಆರ್ವಿಡ್‌ಗೆ ಕಿವಿ ಮಂದ. ಪಟ್ಟಣದ ವೈದ್ಯರು ಕೊಟ್ಟ ಕಿವಿ ಮಿಷನ್ ಎರಡು ಇವೆ, ವರ್ನಾ ಅವನ್ನು ಕಿವಿ ಎಂದೇ ಕರೆಯುವುದು. ಅವು ಅವತ್ತೂ ಅಡುಗೆಮನೆಯ ಮೇಜಿನ ಮೇಲೆ, ಕಾಫಿ ಪಾತ್ರೆಯ ಪಕ್ಕದಲ್ಲಿ ಹಾಯಾಗಿ ಮಲಗಿದ್ದವು.

"ಕಿವಿ ಎಲ್ಲಿ?" ದೋಣಿ ಬಿಚ್ಚುವಾಗ ಕೇಳಿದಳು.

"ಹಾಂ?"

"ಕಿವಿ! ಕಿವಿ ಹಾಕ್ಕೊಂಡಿಲ್ವಾ?"

"ಮೂಸ್ ಜೊತೆ ಹರಟೆ ಹೊಡೆಯೋದಿದ್ಯಾ ನಂಗೆ? ಬಿಡೇ."

ದಡದಲ್ಲಿ ಇಳಿಯುವಾಗ ಮತ್ತೆ ಕಿವಿ. ಕುರುಚಲಿನೊಳಗೆ ನಡೆಯುವಾಗ ಮತ್ತೆ ಕಿವಿ. "ಹಿಂದಿನಿಂದ ಕರಡಿ ಬಂದ್ರೂ ಗೊತ್ತಾಗಲ್ಲ ನಿಂಗೆ, ಕಿವಿ ಇಲ್ದೆ ಬಂದಿದ್ದೀಯ." ಆರ್ವಿಡ್‌ಗೆ ತಲೆ ಚಿಟ್ಟು ಹಿಡಿಯಿತು. ಇನ್ನೊಂದು ಸಲ ಕಿವಿ ಅಂದರೆ ವಾಪಸ್ ಹೋಗಿಬಿಡುತ್ತೇನೆ ಅಂದ. ಹೋಗು, ದೋಣಿಯ ಬೀಗದ ಕೈ ನನ್ನ ಹತ್ತಿರ ಇದೆ ಅಂದಳು.

ಬೆಳಗಿನ ಮಂಜು ಹರಿಯುವ ಹೊತ್ತಿಗೆ ಇಬ್ಬರೂ ಒಂದು ಹಳ್ಳದ ಅಂಚಿನಲ್ಲಿ ಕೂತರು. ಆರ್ವಿಡ್ ಚೀಲದಿಂದ ಹಳೆಯ ಮೂಸೊಂದರ ಭುಜದ ಮೂಳೆ ತೆಗೆದು ಪೊದೆಗೆ ಗರಗರ ಉಜ್ಜಿದ. ಇನ್ನೊಂದು ಗಂಡು ತನ್ನ ಜಾಗದಲ್ಲಿ ಕೊಂಬು ತಿಕ್ಕುತ್ತಿದೆ ಎಂದುಕೊಂಡು ಮೂಸ್ ಜಗಳಕ್ಕೆ ಬರಲಿ ಎಂದು. ಬಂತು. ಎದುರಿನ ಪೊದೆ ಅಲ್ಲಾಡಿತು, ಕತ್ತಿನ ಕೂದಲು ನಿಮಿರಿಸಿಕೊಂಡು ಗುಟುರು ಹಾಕುತ್ತಾ ಹೊರಬಂದು ನೇರ ಅವನ ಕಡೆಗೇ ಮುಖ ಮಾಡಿ ನಿಂತಿತು. ಅಬ್ಬಾ, ಏನು ಕೊಂಬು! ಕಿವಿಯ ತುದಿಯಿಂದಾಚೆ ಹತ್ತಲ್ಲ, ಹದಿನಾಲ್ಕಿಂಚು ಇರಬೇಕು. ಆರ್ವಿಡ್ ಬಂದೂಕು ಎತ್ತಿದ.

ಹಿಂದಿನಿಂದ ವರ್ನಾ ಪಿಸುಗುಟ್ಟಿದಳು. ಅವನಿಗೆ ಕೇಳಿಸಿದ್ದು ಒಂದೇ ಮಾತು.

"ಕಿವಿ!"

ಥೂ ಇವಳ, ಈ ಹೊತ್ತಲ್ಲೂ! ಅವನು ತಲೆ ಕೊಡವಿದ.

"ಆರ್ವಿಡ್, ಕಿವಿ! ಕಿವಿ!"

ಇವಳ ಬಾಯಿ ಮುಚ್ಚಿಸಲು ಇರುವುದು ಒಂದೇ ದಾರಿ ಎಂದುಕೊಂಡು ಗುಂಡು ಹಾರಿಸಿಯೇಬಿಟ್ಟ. ಮೂಸ್ ನಿಂತಲ್ಲೇ ಕುಸಿಯಿತು. ಅವನು ಗೆಲುವಿನಿಂದ ತಿರುಗಿ ನೋಡಿದರೆ ವರ್ನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

"ಏನಾಯ್ತೇ?"

"ಕಿವಿ ನೋಡು ಅಂದೆ ಮಾರಾಯ!"

"ಮನೇಲಿ ಬಿಟ್ಟು ಬಂದಿದೀನಿ ಅಂತ ಎಷ್ಟು ಸಲ ಹೇಳ್ಲಿ?"

"ನಿನ್ನದಲ್ಲ! ಅದರ ಕಿವಿ! ಹಿಂದಕ್ಕೆ ಮಡಚ್ಕೊಂಡಿತ್ತು!"

ಆರ್ವಿಡ್ ಅಳತೆಯ ಪಟ್ಟಿ ಹಿಡಿದು ಓಡಿದ. ಅಳೆದ. ನಲವತ್ತೊಂಬತ್ತು. ಕೈ ನಡುಗಿರಬೇಕು ಎಂದು ಇನ್ನೊಮ್ಮೆ ಅಳೆದ. ಪಟ್ಟಿ ತಿರುಚಿರಬೇಕು ಎಂದು ವರ್ನಾಳ ಕೈಯಲ್ಲಿ ಅಳೆಸಿದ. ಚಳಿಗೆ ಕೊಂಬು ಕುಗ್ಗಿರಬಹುದು, ಬಿಸಿಲೇರಿದ ಮೇಲೆ ನೋಡೋಣ ಅಂದ. ವರ್ನಾ ಅವನನ್ನು ಒಂದು ಥರ ನೋಡಿದಳು. ತರಗತಿಯಲ್ಲಿ ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅವನು ಅದನ್ನೇ ಹಿಡಿದು ಒಂದು ವರ್ಷ ನಗಿಸುತ್ತಿದ್ದ.

ಮಾಂಸ ಕೆಡಬಾರದು, ಅದು ಯಾರ ಪಾಲಾದರೂ ಸರಿ. ಇಬ್ಬರೂ ತೋಳು ಮಡಚಿ ಚರ್ಮ ಸುಲಿದು, ತೊಡೆ, ಭುಜ, ಪಕ್ಕೆ ಬೇರೆ ಮಾಡಿ ಬಟ್ಟೆ ಚೀಲಗಳಲ್ಲಿ ತುಂಬಿ ದೋಣಿಗೆ ಹೊತ್ತರು. ಒಂದೊಂದು ಹಿಂದೊಡೆಯೂ ಒಬ್ಬ ಮನುಷ್ಯನ ಭಾರ. ನಮ್ಮದಲ್ಲದ ಮಾಂಸಕ್ಕೆ ತೂಕ ಜಾಸ್ತಿ ಕಣೇ ಎಂದು ಆರ್ವಿಡ್ ನಗಿಸಲು ನೋಡಿದ. ವರ್ನಾ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಕೊನೆಯ ಚೀಲ ಇಳಿಸಿದ ಮೇಲೆ, ಇದ್ದಕ್ಕಿದ್ದಂತೆ ನಗತೊಡಗಿದಳು. "ನಿನ್ನದಲ್ಲ, ಅದರ ಕಿವಿ" ಎಂದು ಹೇಳಿಕೊಂಡು ದೋಣಿಯ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆರ್ವಿಡ್‌ಗೆ ಮಾತ್ರ ಆಗ ನಗು ಬರಲಿಲ್ಲ.

ದೋಣಿ ಇಳಿಮುಖವಾಗಿ ಹೊರಟಿತು. ವರ್ನಾ ಹಿಂದೆ ಚುಕ್ಕಾಣಿ ಹಿಡಿದಿದ್ದಳು, ಅವನು ಮುಂದೆ ಕೊಂಬಿನ ಎದುರು ಕೂತಿದ್ದ. ಕೂತವನ ತಲೆಯಲ್ಲಿ ಏನೇನೋ ಓಡಿತು. ತಲೆಬುರುಡೆಯನ್ನು ಕೊಡಲಿಯಿಂದ ನಡುವೆ ಸೀಳಿ, ಸಂದಿಗೆ ಒಂದು ಚೂರು ಮರ ತುರುಕಿದರೆ ಕೊಂಬು ಒಂದಿಂಚು ಅಗಲವಾಗುತ್ತದೆ. ಇದು ಕಳ್ಳರ ಉಪಾಯ ಎಂದು ಅವನೇ ಪ್ರತಿ ತರಗತಿಯಲ್ಲಿ ಹೇಳುತ್ತಿದ್ದ. ಯಾವ ಮರ, ಎಷ್ಟು ದಪ್ಪ ಎಂಬುದನ್ನೂ ಬಿಡದೆ ಹೇಳಿದ್ದರಿಂದ ಊರಿನ ಎಲ್ಲರಿಗೂ ಆ ವಿದ್ಯೆ ಬರುತ್ತಿತ್ತು, ಹಾಗಾಗಿ ಯಾರೂ ನಂಬುವುದಿಲ್ಲ. ಇಲ್ಲವೇ ಮುಂದಿನ ತಿರುವಿನಲ್ಲಿ, ನೀರು ಆಳವಿರುವ ಕಡೆ, ಕೊಂಬನ್ನು ಮೆಲ್ಲಗೆ ಜಾರಿಸಿಬಿಡಬಹುದು. ಕೊಂಬೇ ಇಲ್ಲದೆ ಮಾಂಸ ಮನೆ ಸೇರಿದರೆ ಕೇಳುವವರು ಯಾರು? ಅವನು ಹಿಂತಿರುಗಿ ನೋಡಿದ.

"ನನ್ನ ಮುಖ ಏನು ನೋಡ್ತೀಯ?" ಅಂದಳು ವರ್ನಾ, ಅವನಿಗೆ ಕೇಳಿಸುವಷ್ಟು ಜೋರಾಗಿ. "ಗುಂಡು ಹಾರಿಸಿದ್ದು ನೀನು. ನಾನು ದೋಣಿ ನಡೆಸ್ತಿದೀನಿ ಅಷ್ಟೇ."

ತಿರುವು ಬಂತು. ಕಪ್ಪು ನೀರು ಸುಳಿ ಸುತ್ತುತ್ತಿತ್ತು. ಆರ್ವಿಡ್‌ನ ಕೈ ಕೊಂಬಿನ ಮೇಲೇ ಇತ್ತು. ಆಗ ಅವನಿಗೆ ಹೊಳೆಯಿತು, ಎರಡು ವರ್ಷದ ಹಿಂದೆ ಓಟಿಸ್ ಇದೇ ನದಿಯಲ್ಲಿ, ಇದೇ ತಿರುವಿನಲ್ಲಿ, ನಲವತ್ತೆಂಟಿಂಚಿನ ಕೊಂಬು ಇಟ್ಟುಕೊಂಡು ಹೋಗಿದ್ದ. ಅವನ ದೋಣಿಯಲ್ಲಿ ನೋಡುವವರು ಹೆಂಡತಿಯೂ ಇರಲಿಲ್ಲ, ನರಪಿಳ್ಳೆಯೂ ಇರಲಿಲ್ಲ. ತಳ್ಳಿಬಿಟ್ಟಿದ್ದರೆ ಇಂದಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ತಳ್ಳಲಿಲ್ಲ, ದಡಕ್ಕೆ ಬಂದು ಫೋನ್ ಮಾಡಿದ. ಅಂಥವನಿಗೆ ನಾನು ಕನ್ನಡಕ ಕೊಡಿಸಿ ಅಂದೆನಲ್ಲ! ಆರ್ವಿಡ್‌ಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಸಲ ತನ್ನನ್ನು ತಾನು ಮೂರ್ಖ ಎಂದುಕೊಂಡಿದ್ದ, ಆದರೆ ಅದೆಲ್ಲ ನಗುತ್ತಾ ಅಂದುಕೊಂಡಿದ್ದು. ಕೊಂಬಿನ ಮೇಲಿಂದ ಕೈ ತೆಗೆದು ಎರಡು ತೊಡೆಗಳ ನಡುವೆ ಇಟ್ಟುಕೊಂಡ.

ದಡದಲ್ಲಿ ಫೋನ್ ಸಿಗುವ ಜಾಗದಲ್ಲಿ ನಿಂತು ಇಲಾಖೆಗೆ ತಿಳಿಸಿದ. ಬಂದವಳು ಟೆಸ್ಸಾ ನಿಕೋಲಾಯ್, ಈ ಭಾಗದ ಕಾಡುಪ್ರಾಣಿ ಅಧಿಕಾರಿ. ಚಿಕ್ಕವಳಿದ್ದಾಗ ಅವನ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದವಳು. ಅವಳು ಅಳೆದಳು, ಇನ್ನೊಮ್ಮೆ ಅಳೆದಳು, ಕೆಮ್ಮಿದಳು.

"ಮೇಷ್ಟ್ರೇ, ಕಿವಿ ನೋಡ್ಲಿಲ್ವಾ?"

"ಕೇಳಿಸ್ಕೊಂಡೆ. ನೋಡ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ವರ್ನಾ ಬಿಡಿಸಿ ಹೇಳಿದಳು. ಟೆಸ್ಸಾ ಪಕ್ಕಕ್ಕೆ ತಿರುಗಿ, ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ತುಂಬ ಹೊತ್ತು ಆಕಡೆಯೇ ನಿಂತಳು. ಆಮೇಲೆ ತಿರುಗಿ ದಂಡದ ಚೀಟಿ ಕೊಟ್ಟಳು. "ತಾವಾಗೇ ಹೇಳಿದ್ರಲ್ಲ ಮೇಷ್ಟ್ರೇ, ಅದಕ್ಕೆ ದಂಡ ಕಡಿಮೆ. ಮಾಂಸ ಮಾತ್ರ ಊರಿನ ವಯಸ್ಸಾದವರಿಗೆ ಹಾಕೋ ಹಿರಿಯರ ಊಟಕ್ಕೆ ಹೋಗುತ್ತೆ, ಬೇಜಾರು ಮಾಡ್ಕೋಬೇಡಿ." ಮಾಂಸ, ಕೊಂಬು ಎರಡೂ ಅವಳ ಗಾಡಿ ಹತ್ತಿದವು. ಈ ಚಳಿಗಾಲಕ್ಕೆ ಅವನಿಗೆ ಸಾಲ್ಮನ್ ಮೀನೇ ಗತಿ.

ಅದೇ ವಾರ ಸಮಿತಿಯ ಸಭೆ ಇತ್ತು. ಅದರ ಕಲಾಪದಲ್ಲಿ ಮೊದಲನೆಯದೇ ಆರ್ವಿಡ್ ಬೇಸಿಗೆಯಲ್ಲಿ ಬರೆದುಕೊಟ್ಟ ಸೂಚನೆ. ಕಮ್ಮಿ ಕೊಂಬಿನ ಮೂಸ್ ಹೊಡೆದವರು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಬರದಿದ್ದರೆ ಮರುವರ್ಷ ಪರವಾನಗಿ ಕೊಡಕೂಡದು ಎಂದು. ಬರೆಯುವಾಗ ಎಂಥ ಖುಷಿಯಿಂದ ಬರೆದಿದ್ದನೋ ಏನೋ.

ಆ ಸಭೆಗೆ ಅವನು ಎರಡೂ ಕಿವಿ ಹಾಕಿಕೊಂಡು ಹೋದ. ಹೋದಮೇಲೆ ತಿಳಿಯಿತು, ಇಷ್ಟು ವರ್ಷ ತಾನು ಎದ್ದು ನಿಂತಾಗಲೆಲ್ಲ ಹಿಂದಿನ ಸಾಲಿನವರು ಏನನ್ನುತ್ತಿದ್ದರು ಎಂದು. "ಶುರುವಾಯ್ತಪ್ಪ." "ಕಾಫಿ ಉಳಿದಿದ್ಯಾ ನೋಡು." "ಹೆಂಡ್ತಿ ಪಾಪ." ಛೆ, ಈ ಕಿವಿ ಮೇಜಿನ ಮೇಲೇ ಇದ್ದಿದ್ದರೆ ಚೆನ್ನಾಗಿತ್ತು. ಓಟಿಸ್ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದ, ಕೈಕಟ್ಟಿಕೊಂಡು, ನೆಲ ನೋಡುತ್ತಾ.

ಒಬ್ಬೊಬ್ಬರಿಗೆ ಮೂರು ನಿಮಿಷ. ಅಡುಗೆಮನೆಯ ಮೊಟ್ಟೆ ಆಕಾರದ ಗಂಟೆಯೊಂದನ್ನು ತಿರುಗಿಸಿ ಇಡುತ್ತಾರೆ. ಆರ್ವಿಡ್ ಗಂಟಲು ಸರಿಮಾಡಿಕೊಂಡ.

"ನನ್ನ ಸೂಚನೆಗೆ ನಾನೇ ಒಂದು ತಿದ್ದುಪಡಿ ತಂದಿದೀನಿ. ಕಣ್ಣಿನ ಪರೀಕ್ಷೆ ಸಾಲದು, ಕಿವಿ ಪರೀಕ್ಷೇನೂ ಸೇರಿಸ್ಬೇಕು. ಯಾಕೆ ಅಂದ್ರೆ ಮೊನ್ನೆ ನಾನು ಹೊಡೆದಿದ್ದು ನಲವತ್ತೊಂಬತ್ತು."

ಅವನು ನಡೆದದ್ದೆಲ್ಲ ಹೇಳಿದ. ವರ್ನಾಳ ಪಿಸುಮಾತನ್ನೂ, ಬಿಸಿಲೇರಿದ ಮೇಲೆ ಅಳೆಯೋಣ ಅಂದಿದ್ದನ್ನೂ ಬಿಡಲಿಲ್ಲ. ಜನ ನಕ್ಕರು, ಬೆಂಚು ತಟ್ಟಿಕೊಂಡು ನಕ್ಕರು. ಅಷ್ಟು ದೊಡ್ಡ ನಗು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹಳೆಯ ಆರ್ವಿಡ್ ಆಗಿದ್ದರೆ ಅದರಲ್ಲೇ ಮಿಂದು ಕೂತುಬಿಡುತ್ತಿದ್ದ. ಅವನು ಕೈ ಎತ್ತಿ ನಗು ನಿಲ್ಲಿಸಿದ.

"ಇನ್ನೊಂದು ಮಾತಿದೆ, ಇದು ನಗೋಕಲ್ಲ. ಓಟಿಸ್, ಆ ದೊಡ್ಡ ತಿರುವಿನಲ್ಲಿ ನನ್ನ ಕೈ ಕೊಂಬಿನ ಮೇಲಿತ್ತು. ತಳ್ಳೋಣ ಅಂತಿದ್ದೆ. ನೀನು ಒಬ್ಬನೇ ಬಂದಿದ್ದೆ ಅಲ್ಲಿ, ತಳ್ಳಲಿಲ್ಲ. ನಿನ್ನನ್ನ ನಾನು ಇದೇ ಜಾಗದಲ್ಲಿ ನಿಂತು ಆಡ್ಕೊಂಡೆ. ತಪ್ಪಾಯ್ತು ಕಣೋ. ಮರು ಶನಿವಾರಾನೇ ಬಂದು ಹೇಳ್ಬೇಕಿತ್ತು. ನೀನಿಲ್ದೆ ಆ ಆಟ ಆಟಾನೇ ಅಲ್ಲ..."

ಗಂಟೆ ಟ್ರಿಣ್ ಎಂದಿತು. ಸಮಿತಿಯಲ್ಲಿ ಆ ಗಂಟೆ ಆರ್ವಿಡ್‌ಗೆ ಮೊದಲ ಸಲ ಕೇಳಿಸಿದ್ದು ಅವತ್ತೇ. ಅವನು ಬಾಯಿ ಮುಚ್ಚಿ ಕೂತ. ಹಿಂದೆ ಕುರ್ಚಿ ಸರಿದ ಸದ್ದು, ಬೂಟಿನ ಸದ್ದು, ಆಮೇಲೆ ಬಾಗಿಲು ಮುಚ್ಚಿದ ಸದ್ದು. ಅದೂ ಚೆನ್ನಾಗಿಯೇ ಕೇಳಿಸಿತು. ತಿರುಗಿ ನೋಡುವ ಧೈರ್ಯ ಅವನಿಗೆ ಆಗಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ಶನಿವಾರ ಬಂತು, ಓಟಿಸ್ ಬರಲಿಲ್ಲ. ಆರ್ವಿಡ್ ಇಸ್ಪೀಟು ಹಂಚಲಿಲ್ಲ, ಹಲಗೆಯನ್ನು ಒರೆಸಿ ಮತ್ತೆ ಅಲ್ಲೇ ಇಟ್ಟ. ಅಭಿಪ್ರಾಯಗಳೂ ಬರುವುದು ಕಮ್ಮಿಯಾಯಿತು. ಅಂಚೆ ಕಚೇರಿಯಲ್ಲಿ ಯಾರೋ ತೋಳದ ಮಾತೆತ್ತಿದರೆ, "ಗೊತ್ತಿಲ್ಲಪ್ಪ" ಅಂದ. ಜ್ವರವೇನಾದರೂ ಬಂದಿದೆಯೋ ಎಂದು ಅಂಚೆಯಮ್ಮ ವರ್ನಾಳನ್ನು ಕೇಳಿದಳಂತೆ.

ಬುಧವಾರ ಸಮುದಾಯ ಭವನದಲ್ಲಿ ಹಿರಿಯರ ಊಟ. ಅವತ್ತು ಏನು ಬೇಯುತ್ತಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಆರ್ವಿಡ್ ಬರಲ್ಲ ಅಂದ. "ನೀನೇ ಹೊತ್ತಿದ್ದು, ನೀನೇ ತಿನ್ನು" ಎಂದು ವರ್ನಾ ಅವನ ಕೋಟು ತಂದು ಮಡಿಲಿಗೆ ಎಸೆದಳು. ಭವನದಲ್ಲಿ ಮೂಸ್ ಮಾಂಸ, ಆಲೂಗೆಡ್ಡೆ, ಗಜ್ಜರಿ ಹಾಕಿ ಬೇಯಿಸಿದ ಗಟ್ಟಿ ಸಾರಿನ ವಾಸನೆ ತುಂಬಿತ್ತು. ಜನ ತಟ್ಟೆ ಎತ್ತಿ ತೋರಿಸಿ ಅವನಿಗೆ ಥ್ಯಾಂಕ್ಸ್ ಹೇಳಿದರು, ಇನ್ನೂ ಸಣ್ಣ ಮೂಸ್ ಹೊಡೆದಿದ್ದರೆ ಮಾಂಸ ಇನ್ನೂ ಮೆತ್ತಗಿರುತ್ತಿತ್ತು ಎಂದರು. ಅವನು ನಕ್ಕಂತೆ ಮಾಡಿ ಮೂಲೆಯ ಮೇಜಿನಲ್ಲಿ ಕೂತು ತಟ್ಟೆಯ ಮೇಲೆ ಬಗ್ಗಿದ.

ಎದುರಿನ ಕುರ್ಚಿ ಸರಿಯಿತು. ಯಾರೋ ತಟ್ಟೆ ಇಟ್ಟುಕೊಂಡು ಕೂತರು. ಆರ್ವಿಡ್ ಮೊದಲು ನೋಡಿದ್ದು ಬೂಟುಗಳನ್ನು. ಆಮೇಲೆ ತಲೆ ಎತ್ತಿದ. ಓಟಿಸ್ ಅವನ ಕಡೆ ನೋಡಲೇ ಇಲ್ಲ. ಚಮಚ ತುಂಬ ಸಾರು ತೆಗೆದು ಬಾಯಿಗೆ ಹಾಕಿಕೊಂಡ, ನಿಧಾನವಾಗಿ ಅಗಿದ, ನುಂಗಿದ, ಯೋಚಿಸಿದ.

"ಒಂದಿಂಚು ಉಪ್ಪು ಕಮ್ಮಿ ಕಣೋ" ಅಂದ.

ಆರ್ವಿಡ್‌ನ ಎರಡೂ ಕಿವಿಯಲ್ಲಿ ಮಿಷನ್ ಇತ್ತು, ಹೊಸ ಬ್ಯಾಟರಿ ಬೇರೆ. ಪ್ರತಿ ಅಕ್ಷರವೂ ಕೇಳಿಸಿತ್ತು. ಆದರೂ ಅವನು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗಿದ.

"ಹಾಂ? ಏನಂದೆ?"

ಪಕ್ಕದಲ್ಲಿ ಕೂತಿದ್ದ ವರ್ನಾ ಗಂಡನ ಕಿವಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಮತ್ತೆ ತನ್ನ ತಟ್ಟೆಯ ಕಡೆ ತಿರುಗಿದಳು.

"ಉಪ್ಪು ಕಮ್ಮಿ ಅಂದೆ, ಕಿವುಡಾ! ಒಂದಿಂಚು!" ಎಂದು ಓಟಿಸ್ ಭವನಕ್ಕೆಲ್ಲ ಕೇಳುವಂತೆ ಕೂಗಿದ. ಆರ್ವಿಡ್ ಉಪ್ಪಿನ ಡಬ್ಬಿಯನ್ನು ಅವನ ಕಡೆ ತಳ್ಳಿದ.